ಮಗುವಿನ ಮಲಬದ್ಧತೆ: ಅಪ್ಪ ಅಮ್ಮ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಸಣ್ಣ ಮಗು ಇದ್ದರೆ ಬೆಳಗಿನ ಮೊದಲ ಸುದ್ದಿ ಕಕ್ಕದ್ದೇ. ಊರಿಂದ ಅಜ್ಜಿ ಫೋನ್ ಮಾಡಿದರೂ "ಇವತ್ತು ಆಯ್ತಾ?" ಅಂತಲೇ ಶುರು. ಆಗಿಲ್ಲ ಅಂದರೆ ಮುಗಿಯಿತು, ಆ ಕಡೆಯಿಂದ ಹತ್ತು ಮದ್ದು ಬರುತ್ತವೆ. ಹುಟ್ಟಿದ ಮಗುವಿನಿಂದ ಹಿಡಿದು ಒಂದನೇ ಕ್ಲಾಸಿನ ಮಕ್ಕಳವರೆಗೆ ಈ ವಿಷಯದಲ್ಲಿ ಜನ ಜಾಸ್ತಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಎಷ್ಟು ದಿನ ಆಗದಿದ್ದರೆ ಮಲಬದ್ಧತೆ ಅನ್ನಬೇಕು?

ದಿನ ಎಣಿಸಿ ಮಾತ್ರ ಹೇಳೋಕೆ ಆಗಲ್ಲ. ಮೂರು ದಿನಕ್ಕೊಮ್ಮೆ ಮೆತ್ತಗೆ, ಅಳದೆ ಮಾಡುವ ಮಗು ಆರಾಮಾಗಿದೆ. ದಿನಾ ಮೂರು ಸಲ ಮೇಕೆ ಹಿಕ್ಕೆ ಥರ ಒಂದೊಂದೇ ಗಟ್ಟಿ ಉಂಡೆ ಹಾಕುವ ಮಗುವಿಗೆ ಮಲಬದ್ಧತೆ ಇದೆ. ಹಾಗಾಗಿ ಮೊದಲು ನೋಡಬೇಕಾದದ್ದು ಕಕ್ಕ ಮೆತ್ತಗಿದೆಯಾ, ಮಾಡುವಾಗ ನೋವಾಗುತ್ತಾ ಅನ್ನುವುದನ್ನ.

ಡಾಕ್ಟರುಗಳು ಬಳಸುವ ರೋಮ್ ಮಾನದಂಡ ಅಂತ ಒಂದಿದೆ. ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಅವರು ಕೇಳುವುದು ಇಷ್ಟು: ವಾರಕ್ಕೆ ಎರಡೇ ಸಲ ಅಥವಾ ಅದಕ್ಕಿಂತ ಕಡಿಮೆ ಹೋಗುತ್ತಾ, ತಡೆದು ಹಿಡಿದುಕೊಳ್ಳುತ್ತಾ, ಗಟ್ಟಿಯಾಗಿ ನೋವು ಕೊಡುತ್ತಾ, ವಯಸ್ಸಿಗೆ ಮೀರಿ ದಪ್ಪ ಬರುತ್ತಾ, ಗುದದ್ವಾರದ ಒಳಗೆ ಗಟ್ಟಿ ಕಕ್ಕದ ದೊಡ್ಡ ಗಂಟು ಕೂತಿದೆಯಾ. ಇದರಲ್ಲಿ ಎರಡು ಲಕ್ಷಣ ಒಂದು ತಿಂಗಳು ಇದ್ದರೆ ಮಲಬದ್ಧತೆ ಅನ್ನುತ್ತಾರೆ. ಹಾಗಂತ ನೋವಿನಿಂದ ಅಳುವ ಮಗುವನ್ನು ಇಟ್ಟುಕೊಂಡು ತಿಂಗಳು ಕಾಯಬೇಕಿಲ್ಲ.

ಕ್ಲಿನಿಕ್ಕಿನ ಗೋಡೆಯಲ್ಲಿ ಬ್ರಿಸ್ಟಲ್ ಚಾರ್ಟ್ ನೋಡಿರಬಹುದು. ಅದರಲ್ಲಿ ಕಕ್ಕದ 7 ಬಗೆ ಇವೆ. 1 ಮತ್ತು 2 ಅಂದರೆ ಗಟ್ಟಿ. 3 ಮತ್ತು 4 ಆದರೆ ಚಿಂತೆ ಬೇಡ. ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡು ಹೋದರೂ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೆ ಅದು ದಿನದ ಕೆಲಸ.

ಎರಡು ತಿಂಗಳ ಮಗು, ಬರೀ ಎದೆಹಾಲು. ಆರು ದಿನವಾಯಿತು, ಕಕ್ಕ ಇಲ್ಲ. ಏನು ಮಾಡಲಿ?

ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ, ಉಚ್ಚೆ ಸರಿಯಾಗಿ ಮಾಡುತ್ತಿದ್ದರೆ, ಹೊಟ್ಟೆ ಮೆತ್ತಗಿದ್ದರೆ, ತೂಕ ಏರುತ್ತಿದ್ದರೆ ಏನೂ ಮಾಡಬೇಡಿ. ಮೊದಲ ತಿಂಗಳು ಹಾಲು ಕುಡಿದಾಗಲೆಲ್ಲ ಮಾಡುತ್ತಿದ್ದ ಮಗು ಆರು ವಾರದ ಹೊತ್ತಿಗೆ ದಿಢೀರಂತ ನಿಲ್ಲಿಸುವುದು ತುಂಬಾ ಸಾಮಾನ್ಯ. ಎದೆಹಾಲು ಹೆಚ್ಚು ಕಡಿಮೆ ಪೂರ್ತಿ ಮೈಗೆ ಹತ್ತುತ್ತದೆ, ಹೊರಗೆ ಹಾಕಲು ಉಳಿಯುವುದೇ ಸ್ವಲ್ಪ. ಏಳು, ಕೆಲವೊಮ್ಮೆ ಹತ್ತು ದಿನ ಬಿಟ್ಟು ಮಾಡಿದರೂ ಮೆತ್ತಗೇ ಇರುತ್ತದೆ. ಮಾಡಿದಾಗ ಮಾತ್ರ ಬಟ್ಟೆ, ಚಾಪೆ, ನಿಮ್ಮ ಮಡಿಲು ಯಾವುದನ್ನೂ ಬಿಡುವುದಿಲ್ಲ.

ಇದು ಒಂದು ತಿಂಗಳೊಳಗಿನ ಮಗುವಿಗೆ ಅನ್ವಯಿಸುವುದಿಲ್ಲ. ಮೊದಲ ವಾರಗಳಲ್ಲಿ ಕಕ್ಕ ಕಡಿಮೆ ಅಂದರೆ ಹಾಲು ಸಾಲುತ್ತಿಲ್ಲ ಅಂತಲೂ ಇರಬಹುದು. ತೂಕ ನೋಡಿಸಿ.

ಮಗು ಮುಖ ಕೆಂಪಗೆ ಮಾಡಿಕೊಂಡು ತಿಣುಕಿ ತಿಣುಕಿ ಅಳುತ್ತದೆ. ಆಮೇಲೆ ನೋಡಿದರೆ ನೀರು ನೀರು ಕಕ್ಕ. ಇದೇನಿದು?

ಕಕ್ಕ ಬರಬೇಕಾದರೆ ಎರಡು ಕೆಲಸ ಒಟ್ಟಿಗೆ ಆಗಬೇಕು. ಹೊಟ್ಟೆ ಒತ್ತಬೇಕು, ಕೆಳಗಿನ ಸ್ನಾಯು ಸಡಿಲ ಬಿಡಬೇಕು. ಎಳೆ ಮಗುವಿಗೆ ಇದು ಇನ್ನೂ ಹೊಂದಿಕೊಂಡಿರುವುದಿಲ್ಲ. ಮೇಲಿಂದ ಒತ್ತುತ್ತದೆ, ಕೆಳಗೆ ಬಿಗಿ ಹಿಡಿಯುತ್ತದೆ. ಅಳುವುದೂ ಆ ಒತ್ತಡದ ಭಾಗವೇ. ಹತ್ತಿಪ್ಪತ್ತು ನಿಮಿಷ ಒದ್ದಾಡಿ ಕೊನೆಗೆ ಮೆತ್ತಗೆ ಮಾಡಿದರೆ ಅದು ಮಲಬದ್ಧತೆ ಅಲ್ಲ. ಒಂಬತ್ತು ತಿಂಗಳೊಳಗೆ, ಬಹಳ ಮಕ್ಕಳಲ್ಲಿ ಅದಕ್ಕೂ ಎಷ್ಟೋ ಮುಂಚೆ, ತಾನೇ ಸರಿಹೋಗುತ್ತದೆ. ಔಷಧಿ ಬೇಡ, ಗ್ರೈಪ್ ವಾಟರ್ ಬೇಡ. ಕಾಲು ಸೈಕಲ್ ತುಳಿಸಿದ ಹಾಗೆ ಆಡಿಸಿ, ಹೊಟ್ಟೆ ಮೇಲೆ ಮೆಲ್ಲಗೆ ಕೈಯಾಡಿಸಿ. ಅದರಿಂದ ಕಕ್ಕ ಬಂದೇ ಬರುತ್ತೆ ಅಂತಿಲ್ಲ, ಆದರೆ ನಷ್ಟವೂ ಇಲ್ಲ.

ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಹಚ್ಚಿ ಇಟ್ಟರೆ ತಕ್ಷಣ ಆಗುತ್ತದೆ ಅಂತಾರೆ. ಮಾಡಬಹುದಾ?

ಆಗುತ್ತದೆ, ನಿಜ. ಅಲ್ಲಿ ಏನು ಮುಟ್ಟಿದರೂ ಕಕ್ಕ ಬರುವ ಸಾಧ್ಯತೆ ಇದೆ. ಸೋಪಿನ ಚೂರು, ಥರ್ಮಾಮೀಟರ್, ಬೆರಳು, ಎಲ್ಲದರ ಗುಟ್ಟೂ ಒಂದೇ. ಆದರೂ ಬೇಡ ಅನ್ನಲು ಕಾರಣಗಳಿವೆ. ಒಳಗಿನ ಚರ್ಮ ತುಂಬಾ ತೆಳು, ಗೀರಿದರೆ ಗಾಯ. ಸೋಪು ಹಾಕಿದರೆ ಉರಿ. ಇನ್ನೊಂದು, ಮೇಲೆ ಹೇಳಿದ ಸಡಿಲ ಬಿಡುವ ಪಾಠವನ್ನು ಮಗು ತಾನೇ ಕಲಿಯಬೇಕು. ಪ್ರತಿ ಸಲ ತೊಟ್ಟು ಇಟ್ಟರೆ ಆ ಪಾಠ ಮುಂದಕ್ಕೆ ಹೋಗುತ್ತದೆ.

ದೊಡ್ಡ ಕಾರಣ ಬೇರೆಯೇ ಇದೆ. ಹಿರ್ಷ್‌ಸ್ಪ್ರಂಗ್ ಕಾಯಿಲೆ ಅಂತ ಒಂದಿದೆ. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ಕರುಳಿನ ಕೊನೆಯ ಭಾಗದಲ್ಲಿ ಇರಬೇಕಾದ ನರಕೋಶಗಳೇ ಇರುವುದಿಲ್ಲ, ಆ ಭಾಗ ಸಡಿಲ ಬಿಡುವುದೇ ಇಲ್ಲ. ಕೋಪನ್‌ಹೇಗನ್‌ನ ಮಕ್ಕಳ ಡಾಕ್ಟರ್ ಹೆರಾಲ್ಡ್ ಹಿರ್ಷ್‌ಸ್ಪ್ರಂಗ್ 1886ರಲ್ಲಿ ಇದನ್ನು ವಿವರಿಸಿದ್ದರು. ಇಂಥ ಮಗುವಿಗೂ ತೊಟ್ಟು ಇಟ್ಟಾಗ ಕಕ್ಕ ಬರುತ್ತದೆ, ಕೆಲವೊಮ್ಮೆ ಗಾಳಿ ಸಮೇತ ಚಿಮ್ಮುತ್ತದೆ. ಮನೆಯವರು "ತೊಟ್ಟು ಇಟ್ಟರೆ ಆಗುತ್ತಲ್ಲ" ಅಂತ ತಿಂಗಳುಗಟ್ಟಲೆ ದೂಡುತ್ತಾರೆ. ಆಪರೇಷನ್ ಬೇಕಾದ ಕಾಯಿಲೆ ಅಲ್ಲಿ ಮುಚ್ಚಿಹೋಗುತ್ತದೆ. ತೊಟ್ಟಿಲ್ಲದೆ ಆಗುವುದೇ ಇಲ್ಲ ಅನ್ನುವ ಮಗುವನ್ನು ಡಾಕ್ಟರಿಗೆ ತೋರಿಸಲೇಬೇಕು.

ಹುಟ್ಟಿದ ಮೇಲೆ ಮೊದಲ ಕಕ್ಕ ತಡವಾಗಿತ್ತು. ಅದನ್ನು ಡಾಕ್ಟರಿಗೆ ಹೇಳಬೇಕಾ?

ಖಂಡಿತ ಹೇಳಿ. ಕಪ್ಪು ಹಸಿರು, ಅಂಟಂಟಾದ ಆ ಮೊದಲ ಕಕ್ಕ ತಿಂಗಳು ತುಂಬಿ ಹುಟ್ಟಿದ ಹೆಚ್ಚು ಕಡಿಮೆ ಎಲ್ಲ ಮಕ್ಕಳಲ್ಲೂ 48 ಗಂಟೆಯೊಳಗೆ ಬಂದಿರುತ್ತದೆ. ಬರದೇ ಇದ್ದದ್ದು ಮಗುವಿಗೆ ನಾಲ್ಕು ವರ್ಷವಾದರೂ ಮುಖ್ಯವಾದ ಸುಳಿವೇ. ಡಿಸ್ಚಾರ್ಜ್ ಚೀಟಿ ಎತ್ತಿಡಿ.

ತಾಯಿ ಆಲೂಗಡ್ಡೆ, ಹಲಸು ತಿಂದರೆ ಮಗುವಿಗೆ ಹೊಟ್ಟೆ ಕಟ್ಟುತ್ತಾ?

ಇಲ್ಲ. ಬಾಣಂತಿಗೆ ನೀರು ಕಡಿಮೆ, ತರಕಾರಿ ಬೇಡ, ಬರೀ ಮೆಣಸಿನ ಸಾರು ಅನ್ನ ಅಂತ ಕೂರಿಸಿದರೆ ಮಲಬದ್ಧತೆ ಬರುವುದು ಮಗುವಿಗಲ್ಲ, ತಾಯಿಗೆ. ಹೊಲಿಗೆ ಹಾಕಿಸಿಕೊಂಡವಳಿಗೆ ಅದಕ್ಕಿಂತ ಹಿಂಸೆ ಇಲ್ಲ. ಅವಳಿಗೆ ಕೇಳಿದಷ್ಟು ನೀರು, ಸೊಪ್ಪು, ಹಣ್ಣು ಕೊಡಿ.

ಪೌಡರ್ ಹಾಲು, ಹಸುವಿನ ಹಾಲು ಕುಡಿಯುವ ಮಕ್ಕಳಿಗೆ?

ಡಬ್ಬಿ ಹಾಲಿನಲ್ಲಿ ಕಕ್ಕ ಎದೆಹಾಲಿಗಿಂತ ಸ್ವಲ್ಪ ಗಟ್ಟಿಯೇ. ಮೊದಲು ಅಳತೆ ನೋಡಿ. ಡಬ್ಬಿ ಮೇಲೆ ಹೇಳಿದಷ್ಟು ನೀರಿಗೆ ಅಷ್ಟೇ ಚಮಚ, ತಲೆ ತಟ್ಟಿ ಸಮ ಮಾಡಿದ ಚಮಚ. "ಶಕ್ತಿ ಬರಲಿ" ಅಂತ ಒಂದು ಚಮಚ ಜಾಸ್ತಿ ಹಾಕುವುದು ನಮ್ಮಲ್ಲಿ ಬಹಳ. ಅದರಿಂದ ಹೊಟ್ಟೆ ಕಟ್ಟುವುದಷ್ಟೇ ಅಲ್ಲ, ಮಗುವಿನ ನೀರಿನ ಲೆಕ್ಕವೂ ತಪ್ಪುತ್ತದೆ.

ಹಸುವಿನ ಹಾಲನ್ನು ಒಂದು ವರ್ಷದವರೆಗೆ ಕುಡಿಸಬೇಡಿ. ವರ್ಷ ಆದಮೇಲೂ ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಎರಡು ವರ್ಷದ ಮಗು "ಊಟವೇ ಮಾಡಲ್ಲ, ಕಕ್ಕವೂ ಗಟ್ಟಿ" ಅನ್ನುವ ಮನೆಗಳಲ್ಲಿ ಬಾಟಲಿ ಎಣಿಸಿ ನೋಡಿ. ಬೆಳಿಗ್ಗೆ ಎದ್ದ ಕೂಡಲೇ ಒಂದು, ಮಧ್ಯಾಹ್ನ ಮಲಗಲು ಒಂದು, ರಾತ್ರಿ ಎರಡು, ಮಧ್ಯರಾತ್ರಿ ಇನ್ನೊಂದು. ಹೊಟ್ಟೆಯಲ್ಲಿ ಊಟಕ್ಕೆ ಜಾಗವೇ ಇಲ್ಲ. ಹಾಲಿನಲ್ಲಿ ನಾರಿನ ಅಂಶ ಒಂದು ಚೂರೂ ಇಲ್ಲ. ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೊಟೀನ್ ಅಲರ್ಜಿಯಿಂದಲೇ ಮಲಬದ್ಧತೆ ಬರುವುದೂ ಇದೆ. ಅದನ್ನು ಡಾಕ್ಟರ್ ಹೇಳಿದ ಮೇಲಷ್ಟೇ ಎರಡರಿಂದ ನಾಲ್ಕು ವಾರ ಹಾಲು ಬಿಡಿಸಿ ನೋಡುತ್ತಾರೆ.

ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದೆವು, ಅವತ್ತಿಂದ ಗಟ್ಟಿ. ರಾಗಿ ಒಗ್ಗಲ್ವಾ?

ಪಾಪ, ರಾಗಿಯದ್ದೇನೂ ತಪ್ಪಿಲ್ಲ. ಘನ ಆಹಾರ ಶುರುವಾದಾಗ ಯಾರಿಗಾದರೂ ಕಕ್ಕ ಬದಲಾಗುತ್ತದೆ. ಮಲಬದ್ಧತೆ ಶುರುವಾಗುವ ಮೂರು ಹೊತ್ತಿನಲ್ಲಿ ಇದು ಮೊದಲನೆಯದು. ಉಳಿದೆರಡು, ಟಾಯ್ಲೆಟ್ ಅಭ್ಯಾಸ ಮಾಡಿಸುವಾಗ ಮತ್ತು ಸ್ಕೂಲಿಗೆ ಸೇರಿಸಿದಾಗ.

ಆದರೆ ಸರಿ ಹೇಗೆ ಮಾಡುತ್ತೀರಿ ನೋಡಿಕೊಳ್ಳಿ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಕೊನೆಗೆ ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತೇವೆ. ಬಟ್ಟೆಯಲ್ಲಿ ಉಳಿಯುವ ಕಂದು ತೌಡೇ ನಾರು. ಅದು ಹಸುವಿನ ಬಾನಿಗೆ ಹೋಗುತ್ತದೆ, ಮಗುವಿಗೆ ಬರೀ ಹಿಟ್ಟು. ಕರಾವಳಿಯ ಮಣ್ಣಿಯಲ್ಲೂ ಹೀಗೆಯೇ, ರುಬ್ಬಿ ಹಾಲು ತೆಗೆದು ಚರಟ ಎಸೆಯುತ್ತಾರೆ. ಆರನೇ ತಿಂಗಳಲ್ಲಿ ಹಾಗೇ ಶುರು ಮಾಡಿ, ತೊಂದರೆ ಇಲ್ಲ. ಏಳೆಂಟು ತಿಂಗಳಿಗೆ ಜರಡಿ ಸ್ವಲ್ಪ ದಪ್ಪದ್ದಾಗಲಿ. ಮೂರು ಹೊತ್ತೂ ಸರಿಯನ್ನೇ ಕೊಡುವ ಬದಲು ಒಂದು ಹೊತ್ತು ಬೇಳೆ, ಸೊಪ್ಪು ಹಾಕಿದ ಮೆತ್ತನೆ ಅನ್ನ, ಇನ್ನೊಂದು ಹೊತ್ತು ಹಣ್ಣು ಕೊಡಿ. ಊಟದ ಜೊತೆ ಒಂದೆರಡು ಗುಟುಕು ನೀರು.

ಆರು ತಿಂಗಳ ಒಳಗೆ ನೀರು ಬೇಡ. ಒಣದ್ರಾಕ್ಷಿ ನೀರೂ ಬೇಡ.

ಬಾಳೆಹಣ್ಣು ಒಳ್ಳೆಯದಾ, ಕೆಟ್ಟದ್ದಾ? ಇಬ್ಬರು ಎರಡು ಥರ ಹೇಳುತ್ತಾರೆ.

ಚೆನ್ನಾಗಿ ಕಳಿತದ್ದು ಒಳ್ಳೆಯದು. ಅರೆಗಾಯಿ ಗಟ್ಟಿ ಮಾಡುತ್ತದೆ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬರುವವರೆಗೆ ಕಾಯಿರಿ.

ಬೇರೆ ಯಾವ ಹಣ್ಣು, ತರಕಾರಿ?

ಪಪ್ಪಾಯಿ, ಪೇರ್, ಸೀಬೆ, ಕಿತ್ತಳೆ, ನೆನೆಸಿ ಹಿಚುಕಿದ ಅಂಜೂರ ಮತ್ತು ಒಣದ್ರಾಕ್ಷಿ. ಪೇರ್ ಮತ್ತು ಪ್ರೂನ್‌ನಲ್ಲಿ (ಒಣಗಿಸಿದ ಪ್ಲಮ್) ಸಾರ್ಬಿಟಾಲ್ ಅನ್ನುವ ಸಕ್ಕರೆ ಇದೆ. ಅದು ಕರುಳಿಗೆ ನೀರು ಎಳೆದು ಕಕ್ಕ ಮೆತ್ತಗೆ ಮಾಡುತ್ತದೆ. ಪ್ರೂನ್ ದುಬಾರಿ, ಅದಕ್ಕಾಗಿ ಸೂಪರ್ ಮಾರ್ಕೆಟ್ ಸುತ್ತಬೇಕಿಲ್ಲ. ನೂರು ಗ್ರಾಂ ಸೀಬೆಹಣ್ಣಿನಲ್ಲಿ 5 ಗ್ರಾಂಗೂ ಜಾಸ್ತಿ ನಾರಿದೆ. ಎರಡು ವರ್ಷ ದಾಟಿದ ಮಗುವಿಗೆ ದಿನಕ್ಕೆ ಎಷ್ಟು ಗ್ರಾಂ ನಾರು ಬೇಕು ಅನ್ನಲು ಒಂದು ಸುಲಭ ಲೆಕ್ಕ ಇದೆ: ವಯಸ್ಸಿಗೆ 5 ಕೂಡಿಸಿ. ಮೂರು ವರ್ಷದ ಮಗುವಿಗೆ 8 ಗ್ರಾಂ. ಬಸಳೆ, ದಂಟು, ಹೆಸರುಕಾಳು, ಹುರುಳಿಕಾಯಿ ತಿನ್ನುವ ಮನೆಯಲ್ಲಿ ಇದು ಕಷ್ಟವಲ್ಲ. ಮೈದಾ ಬಿಸ್ಕತ್ತು, ರಸ್ಕ್, ಬನ್ನು ಅಂಗಡಿಯಲ್ಲೇ ಇರಲಿ. ಇಡೀ ದ್ರಾಕ್ಷಿ, ಇಡೀ ಒಣದ್ರಾಕ್ಷಿ ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಹಿಚುಕಿಯೇ ಕೊಡಿ.

ಒಂದು ಮಾತು ಮಾತ್ರ ನೆನಪಿಡಿ. ಈಗಾಗಲೇ ಗಟ್ಟಿ ಗಂಟು ಕೂತಿದ್ದರೆ ಹಣ್ಣು, ಸೊಪ್ಪು ಅದನ್ನು ಕರಗಿಸುವುದಿಲ್ಲ. ಹಿಂದಿನಿಂದ ಇನ್ನಷ್ಟು ತುಂಬುತ್ತದೆ ಅಷ್ಟೇ. ಆಗ ಮೊದಲು ಔಷಧಿ, ಆಮೇಲೆ ಊಟ.

ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಸಿರಪ್ಪಿನಿಂದ ಹೀಗಾಯಿತಾ?

ಆ ಪ್ರಮಾಣಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗೆ ಕೊಡುವುದು ವಾರಕ್ಕೆ ಎರಡು ಸಲ 1 ಮಿಲಿ. ಕಕ್ಕ ಕಪ್ಪಾಗುತ್ತದೆ, ಅದು ಕಬ್ಬಿಣದ ಬಣ್ಣ. ಸುಮ್ನೆ ನಿಲ್ಲಿಸಬೇಡಿ, ರಕ್ತಹೀನತೆ ಇದಕ್ಕಿಂತ ದೊಡ್ಡ ತೊಂದರೆ.

ಎರಡೂವರೆ ವರ್ಷದ ಮಗಳು ಪರದೆ ಹಿಂದೆ ಹೋಗಿ ನಿಲ್ಲುತ್ತಾಳೆ, ಮೈ ಬಿಗಿ ಮಾಡುತ್ತಾಳೆ. "ತಿಣುಕುತ್ತಾಳೆ, ಬರ್ತಿಲ್ಲ" ಅಂತ ಅತ್ತೆ ಹೇಳುತ್ತಾರೆ.

ಹತ್ತಿರದಿಂದ ನೋಡಿ. ತುದಿಗಾಲಲ್ಲಿ ನಿಂತಿದ್ದಾಳಾ? ತೊಡೆ ಒಂದಕ್ಕೊಂದು ಒತ್ತಿ, ಪೃಷ್ಠ ಬಿಗಿ ಹಿಡಿದಿದ್ದಾಳಾ? ಸೋಫಾ ಅಂಚು ಗಟ್ಟಿಯಾಗಿ ಹಿಡಿದುಕೊಂಡು, ಹಣೆ ಮೇಲೆ ಬೆವರು, ಯಾರಾದರೂ ಹತ್ತಿರ ಹೋದರೆ "ಬೇಡ ಬೇಡ" ಅಂತಾಳಾ? ಹಾಗಿದ್ದರೆ ಅವಳು ಹೊರಗೆ ಹಾಕಲು ತಿಣುಕುತ್ತಿಲ್ಲ. ಬರುತ್ತಿರುವುದನ್ನು ಬರದ ಹಾಗೆ ತಡೆಯುತ್ತಿದ್ದಾಳೆ. ಇದೊಂದನ್ನು ಗುರುತಿಸಿದರೆ ಅರ್ಧ ಸಮಸ್ಯೆ ಅರ್ಥವಾದ ಹಾಗೆ.

ಆಗಿದ್ದು ಇಷ್ಟು. ಯಾವಾಗಲೋ ಒಂದು ಸಲ, ಜ್ವರ ಬಂದಾಗಲೋ ಮದುವೆ ಮನೆಯಲ್ಲಿ ನೀರು ಕುಡಿಯದೆ ಇದ್ದಾಗಲೋ, ಗಟ್ಟಿ ಕಕ್ಕ ಬಂದು ನೋವಾಯಿತು. ಮಗು ಅದನ್ನು ಮರೆಯುವುದಿಲ್ಲ. ಮುಂದಿನ ಸಲ ಬಂದಾಗ ಹಿಡಿದುಕೊಂಡಿತು. ಒಂದೆರಡು ನಿಮಿಷದಲ್ಲಿ ಅವಸರ ಹೋಗುತ್ತದೆ, ಮಗು ಮತ್ತೆ ಆಟಕ್ಕೆ ಹೋಗುತ್ತದೆ. ಒಳಗೆ ಉಳಿದ ಕಕ್ಕದಿಂದ ಕರುಳು ನೀರು ಹೀರುತ್ತಲೇ ಇರುತ್ತದೆ. ಅದು ಇನ್ನೂ ಗಟ್ಟಿ, ಇನ್ನೂ ದಪ್ಪ. ಬಂದಾಗ ಇನ್ನೂ ನೋವು, ಅದರಿಂದ ಇನ್ನೂ ಭಯ. ಮಕ್ಕಳ ಮಲಬದ್ಧತೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೀಗೆಯೇ. ಕರುಳಿನಲ್ಲಿ ಯಾವ ಕಾಯಿಲೆಯೂ ಇರುವುದಿಲ್ಲ.

ಹಾಗಾಗಿ ಗದರಬೇಡಿ, ಹಿಡಿದು ಕೂರಿಸಬೇಡಿ, "ಹಠಮಾರಿ" ಅನ್ನಬೇಡಿ. ಹಲವು ವಾರ ಪ್ರತಿ ಸಲವೂ ನೋವಿಲ್ಲದೆ ಬಂದರೆ ಮಾತ್ರ ಭಯ ಹೋಗುತ್ತದೆ. ಅಷ್ಟು ದಿನ ಕಕ್ಕ ಮೆತ್ತಗಿಡುವುದು ನಿಮ್ಮ ಕೆಲಸ, ಔಷಧಿಯ ಕೆಲಸ.

ದಿನಾ ಚಡ್ಡಿಗೆ ಸ್ವಲ್ಪ ಸ್ವಲ್ಪ ಹತ್ತಿಕೊಂಡಿರುತ್ತದೆ. ಇದು ಭೇದಿ ಅಲ್ವಾ?

ಐದು ವರ್ಷದ ಮಗುವಿನಲ್ಲಿ ಇದು ಬಹುತೇಕ ಮಲಬದ್ಧತೆಯೇ. ತಿಂಗಳುಗಟ್ಟಲೆ ತುಂಬಿ ಗುದನಾಳ ಹಿಗ್ಗಿರುತ್ತದೆ, ಬಂದದ್ದು ಗೊತ್ತಾಗುವುದೇ ಇಲ್ಲ. ಗಂಟಿನ ಪಕ್ಕದಿಂದ ನೀರು ನೀರಾದದ್ದು ಜಾರಿ ಬಟ್ಟೆಗೆ ಹತ್ತುತ್ತದೆ. ಮಗು ಬೇಕಂತ ಮಾಡುತ್ತಿಲ್ಲ. ಇದಕ್ಕೆ ಭೇದಿ ನಿಲ್ಲಿಸುವ ಔಷಧಿ ಕೊಟ್ಟರೆ ಪರಿಸ್ಥಿತಿ ಕೆಡುತ್ತದೆ. ಹಾಸಿಗೆಯಲ್ಲಿ ಉಚ್ಚೆ, ಪದೇ ಪದೇ ಮೂತ್ರದ ಸೋಂಕು ಇದರ ಜೊತೆಗೇ ಬರುವುದುಂಟು. ತುಂಬಿದ ಗುದನಾಳ ಮುಂದಿರುವ ಮೂತ್ರಕೋಶವನ್ನು ಒತ್ತುತ್ತದೆ.

ಕಕ್ಕದ ಮೇಲೆ ರಕ್ತದ ಗೆರೆ ಇದೆ.

ಗಟ್ಟಿ ಕಕ್ಕದ ಹೊರಗೆ ತಾಜಾ ಕೆಂಪು ಗೆರೆ ಇದ್ದರೆ ಹೆಚ್ಚಾಗಿ ಗುದದ್ವಾರದ ಚರ್ಮ ಸೀಳಿರುತ್ತದೆ. ಕಕ್ಕ ಮೆತ್ತಗಾದರೆ ಅದು ವಾಸಿ. ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂರಿಸಿದರೆ ಉರಿ ಕಡಿಮೆಯಾಗುತ್ತದೆ. ಆದರೂ ಡಾಕ್ಟರ್ ಒಮ್ಮೆ ನೋಡಲಿ. ಮೆತ್ತನೆ ಕಕ್ಕದಲ್ಲಿ ರಕ್ತ ಬೆರೆತಿದ್ದರೆ ತಡ ಮಾಡಬೇಡಿ.

ಡಾಕ್ಟರ್ ಯಾವ ಔಷಧಿ ಕೊಡುತ್ತಾರೆ? ಅಭ್ಯಾಸ ಆಗಿಬಿಡಲ್ವಾ?

ಒಂದು ವರ್ಷದೊಳಗೆ ಸಾಮಾನ್ಯವಾಗಿ ಲ್ಯಾಕ್ಟುಲೋಸ್ ಸಿರಪ್. ಒಂದು ವರ್ಷ ದಾಟಿದವರಿಗೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಮೆಡಿಕಲ್ ಶಾಪಿನವರ ಬಾಯಲ್ಲಿ ಪೆಗ್. ನೀರಿನಲ್ಲೋ ಜ್ಯೂಸಿನಲ್ಲೋ ಕದಡಿ ಕುಡಿಸುವುದು. ಎರಡೂ ಕಕ್ಕದಲ್ಲಿ ನೀರು ಉಳಿಸುತ್ತವೆ ಅಷ್ಟೇ, ಕರುಳನ್ನು ಬಡಿದೆಬ್ಬಿಸುವುದಿಲ್ಲ. ಅಭ್ಯಾಸ ಆಗುವುದಿಲ್ಲ. ಈ ಭಯದಿಂದ ಔಷಧಿ ಬಿಡುವುದರಿಂದ ಆಗುವ ಹಾನಿಯೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ.

ಗಂಟು ಕೂತಿದ್ದರೆ ಮೊದಲ ಮೂರರಿಂದ ಆರು ದಿನ ಜಾಸ್ತಿ ಪ್ರಮಾಣದಲ್ಲಿ ಕೊಟ್ಟು ಹೊಟ್ಟೆ ಖಾಲಿ ಮಾಡಿಸುತ್ತಾರೆ. ಆ ದಿನಗಳಲ್ಲಿ ಮನೆ ಗಲೀಜಾಗುತ್ತದೆ, ರಜೆ ನೋಡಿಕೊಂಡು ಶುರು ಮಾಡಿ. ಆಮೇಲೆ ಕಡಿಮೆ ಪ್ರಮಾಣದಲ್ಲಿ ದಿನಾ. ಪ್ರಮಾಣ ತೂಕದ ಲೆಕ್ಕ, ಅದನ್ನು ಡಾಕ್ಟರೇ ಹೇಳಬೇಕು. ಮಕ್ಕಳ ಹೊಟ್ಟೆ ತಜ್ಞರ ಯೂರೋಪ್ ಮತ್ತು ಉತ್ತರ ಅಮೆರಿಕದ ಸಂಘಗಳು 2014ರಲ್ಲಿ ಕೊಟ್ಟ ಸಲಹೆ ಹೀಗಿದೆ: ಕನಿಷ್ಠ ಎರಡು ತಿಂಗಳು ಕೊಡಿ, ಎಲ್ಲ ಸರಿಹೋಗಿ ಒಂದು ತಿಂಗಳಾದ ಮೇಲೆ ನಿಧಾನವಾಗಿ ಇಳಿಸಿ. ನಮ್ಮ ಮನೆಗಳಲ್ಲಿ ನಡೆಯುವುದು ಬೇರೆ. ನಾಲ್ಕು ದಿನ ಚೆನ್ನಾಗಿ ಹೋಯಿತು, ಐದನೇ ದಿನ ಬಾಟಲಿ ಕಪಾಟಿಗೆ. ಎರಡು ವಾರಕ್ಕೆ ಮತ್ತೆ ಅದೇ ಅಳು, "ಆ ಔಷಧಿ ಕೆಲಸ ಮಾಡಲ್ಲ" ಅನ್ನುವ ಮಾತು.

ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಯುವುದು? ತೇಯ್ದ ಮದ್ದು?

ಬೇಡ. ಹರಳೆಣ್ಣೆ ಕರುಳನ್ನು ಹಿಂಡುತ್ತದೆ, ಭೇದಿಯಾಗಿ ಎಳೆ ಮಗು ನೀರು ಕಳೆದುಕೊಳ್ಳುತ್ತದೆ. ಬಲವಂತವಾಗಿ ಬಾಯಿಗೆ ಹೊಯ್ದಾಗ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಕಲ್ಲಿನ ಮೇಲೆ ತೇಯುವ ಬಜೆ, ಜಾಯಿಕಾಯಿ, ಮಾಚಿಕಾಯಿಗಳಲ್ಲಿ ಮಾಚಿಕಾಯಿ ಒಗರು, ಭೇದಿ ಕಟ್ಟಲು ಬಳಸುತ್ತಿದ್ದದ್ದು. ಮಲಬದ್ಧತೆಗೆ ಅದನ್ನು ಕೊಡುವುದು ಯಾವ ಲೆಕ್ಕ? ಜೇನುತುಪ್ಪವನ್ನು ಒಂದು ವರ್ಷದವರೆಗೆ ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಮೊದಲ ಲಕ್ಷಣವೇ ಮಲಬದ್ಧತೆ, ಆಮೇಲೆ ಮಗು ಹಾಲು ಚೀಪಲಾರದಷ್ಟು ಸೊರಗುತ್ತದೆ. ಎನಿಮಾ ಕೂಡ ಮನೆಯಲ್ಲಿ ನಿಮ್ಮಷ್ಟಕ್ಕೆ ನೀವು ಕೊಡಬೇಡಿ.

ಇಂಡಿಯನ್ ಟಾಯ್ಲೆಟ್ ಒಳ್ಳೆಯದಾ, ಕಮೋಡ್ ಒಳ್ಳೆಯದಾ?

ಕುಕ್ಕರಗಾಲಲ್ಲಿ ಕೂತರೆ ಸುಲಭ. ಕಮೋಡ್ ಆದರೆ ಮಕ್ಕಳ ಸೀಟ್ ಹಾಕಿ, ಕಾಲ ಕೆಳಗೆ ಗಟ್ಟಿ ಮಣೆ ಇಡಿ, ಮಂಡಿ ಸೊಂಟಕ್ಕಿಂತ ಮೇಲಿರಲಿ. ಕಾಲು ನೇತಾಡುತ್ತಿದ್ದರೆ ಮಗುವಿಗೆ ಒತ್ತಲು ಆಧಾರವೇ ಇಲ್ಲ. ಹೊಟ್ಟೆಗೆ ಊಟ ಬಿದ್ದ ಮೇಲೆ ಕರುಳು ತಾನೇ ಚುರುಕಾಗುತ್ತದೆ, ಆದ್ದರಿಂದ ತಿಂಡಿ ಆಗಿ ಸ್ವಲ್ಪ ಹೊತ್ತಿಗೆ ಐದರಿಂದ ಹತ್ತು ನಿಮಿಷ ಕೂರಿಸಿ. ಬಂದರೂ ಬರದಿದ್ದರೂ ಕೂತದ್ದಕ್ಕೆ ಶಹಬ್ಬಾಸ್. ಮೊಬೈಲ್ ಕೊಟ್ಟು ಅರ್ಧ ಗಂಟೆ ಕೂರಿಸುವುದು ದಂಡ. ನೋವು ಇರುವಾಗ ಟಾಯ್ಲೆಟ್ ಅಭ್ಯಾಸ ನಿಲ್ಲಿಸಿ, ಡೈಪರಿನಲ್ಲೇ ಮಾಡಲಿ.

ಸ್ಕೂಲಿಗೆ ಸೇರಿದ ಮೇಲೆ ಶುರುವಾಯಿತು.

ಸ್ಕೂಲಿನ ಟಾಯ್ಲೆಟ್ ಹೇಗಿದೆ ಅಂತ ಒಮ್ಮೆ ನೀವೇ ಹೋಗಿ ನೋಡಿ. ಬೋಲ್ಟ್ ಇದೆಯಾ, ನೀರು ಬರುತ್ತಾ, ತೊಳೆಯಲು ಯಾರು ಸಹಾಯ ಮಾಡುತ್ತಾರೆ? ಮಗು ಬಾಯಿ ಬಿಟ್ಟು ಹೇಳದ ಕಾರಣ ಅಲ್ಲೇ ಸಿಗಬಹುದು. "ಬೇಕೆಂದಾಗ ಕಳಿಸಿ" ಅಂತ ಟೀಚರಿಗೆ ಡೈರಿಯಲ್ಲಿ ಬರೆದುಕೊಡಿ. ಬೆಳಿಗ್ಗೆ ವ್ಯಾನ್ ಏಳೂವರೆಗೆ ಬರುವುದಾದರೆ ಕಾಲು ಗಂಟೆ ಮುಂಚೆ ಎಬ್ಬಿಸಿ, ಅವಸರದಲ್ಲಿ ಯಾರಿಗೂ ಆಗುವುದಿಲ್ಲ.

ಯಾವಾಗ ಕಾಯದೆ ಓಡಬೇಕು?

ಹಸಿರು ವಾಂತಿ ಆದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ಮಗು ಹಾಲು ಬಿಟ್ಟು ಮಂಕಾದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ, ರಾತ್ರಿಯಾದರೂ ಸರಿ. ಹುಟ್ಟಿದ ಮೊದಲ ತಿಂಗಳಲ್ಲೇ ಶುರುವಾಗಿದ್ದರೆ, ತೂಕ ಏರದಿದ್ದರೆ, ಕಾಲಲ್ಲಿ ಬಲ ಕಡಿಮೆ ಅನ್ನಿಸಿದರೆ, ಬೆನ್ನಿನ ಕೆಳಗೆ ಕೂದಲ ಗೊಂಚಲೋ ಗುಳಿಯೋ ಕಂಡರೆ, ಕಕ್ಕ ಯಾವಾಗಲೂ ರಿಬ್ಬನ್ನಿನಷ್ಟು ತೆಳು ಬಂದರೆ ಈ ವಾರವೇ ತೋರಿಸಿ. ಥೈರಾಯ್ಡ್ ಕಡಿಮೆ ಇದ್ದರೂ ಹೀಗಾಗುತ್ತದೆ, ಅದು ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಹೋಗುವಾಗ ಒಂದು ಹಾಳೆಯಲ್ಲಿ ಎರಡು ವಾರದ ಲೆಕ್ಕ ಬರೆದಿಟ್ಟುಕೊಂಡಿರಿ: ಯಾವತ್ತು ಆಯಿತು, ಗಟ್ಟಿಯಾ ಮೆತ್ತಗಾ, ಅತ್ತಿತಾ, ಹಾಲು ಎಷ್ಟು ಮಿಲಿ, ಮನೆಯಲ್ಲಿ ಏನೇನು ಕೊಟ್ಟಿರಿ. ಅಜ್ಜಿ ಕೊಟ್ಟ ಮದ್ದನ್ನೂ ಮುಚ್ಚಿಡದೆ ಬರೆಯಿರಿ.